ಮೀನಜ್ಜಿಯ ಸಿಂಬಿ

ಅವಳ ನಡುನೆತ್ತಿಯಲ್ಲಿ ಬಳೆಯಷ್ಟು ಅಗಲದ ಒಂದು ಗುರುತಿತ್ತು. ಅಲ್ಲಿ ಕೂದಲು ಬೆಳೆಯುತ್ತಿರಲಿಲ್ಲ. ಚರ್ಮ ಉಜ್ಜಿದ ಹಿತ್ತಾಳೆಯ ಹಾಗೆ ನುಣ್ಣಗೆ ಹೊಳೆಯುತ್ತಿತ್ತು. ಮೀನಿನ ಬುಟ್ಟಿ ಇಳಿಸಿ, ಅದರ ಅಡಿಗಿದ್ದ ಸಿಂಬಿಯನ್ನು ತೆಗೆದು ಮಡಿಲಲ್ಲಿಟ್ಟುಕೊಂಡು ಜಗಲಿಯ ಮೆಟ್ಟಿಲ ಮೇಲೆ ಕೂತಾಗ ಮಾತ್ರ ಅದು ಕಾಣುತ್ತಿತ್ತು. ಸಿಂಬಿ ಎಂದರೆ ಹಳೆ ಬಟ್ಟೆಯನ್ನು ಹೊಸೆದು ಬಳೆಯಂತೆ ಸುತ್ತಿ ತಲೆಗೂ ಬುಟ್ಟಿಗೂ ನಡುವೆ ಇಡುವಂಥದ್ದು. ಈಗ ಮೀನು ಸ್ಕೂಟರಿನಲ್ಲಿ ಹಾರ್ನ್ ಹೊಡೆಯುತ್ತ ಬರುತ್ತದೆ. ಮೊಮ್ಮಕ್ಕಳೇ, ನೀವು ದೊಡ್ಡವರಾಗುವಷ್ಟರಲ್ಲಿ ಸಿಂಬಿಯನ್ನು ಮರೆತರೂ ಮರೆತೀರಿ.

ನಿಮ್ಮಲ್ಲಿ ಸಣ್ಣವನು ಒಮ್ಮೆ ಆ ಗುರುತಿನ ಮೇಲೆ ಬೆರಳಿಟ್ಟು, "ಮೀನಜ್ಜಿ, ಇದ್ ಎಂತ?" ಎಂದ.

"ಅದಾ? ನನ್ನ್ ಕಿರೀಟ ಕೂಕಂಬ ಜಾಗ ಮಗಾ," ಎಂದಳು.

ನೀವು ಅವಳನ್ನು ಮೀನಜ್ಜಿ ಎಂದೇ ಕರೆದಿರಿ. ನಾನು ಹೆಸರು ಹಿಡಿದು ಕರೆದದ್ದಿಲ್ಲ, ಅವಳೂ ನನ್ನನ್ನು 'ಅಮಾ' ಎಂದದ್ದೇ. ನಮ್ಮಿಬ್ಬರದ್ದೂ ಹೆಚ್ಚುಕಮ್ಮಿ ಒಂದೇ ಪ್ರಾಯ. ನಾನು ಮದುವೆಯಾಗಿ ತ್ರಾಸಿಯ ಈ ಮನೆಗೆ ಬಂದ ಹೊಸತರಲ್ಲೇ ಅವಳೂ ಅತ್ತೆಯ ಬುಟ್ಟಿ ತನ್ನ ತಲೆಗೆ ಏರಿಸಿಕೊಂಡದ್ದಂತೆ. ಕಡಲ ಬದಿಯಿಂದ ಹೆದ್ದಾರಿ ದಾಟಿ ಬರುವಾಗಲೇ ಅವಳ ಸ್ವರ ಕೇಳುತ್ತಿತ್ತು. "ಹ್ವಾಯ್ ಅಮಾ, ಬಂಗ್ಡಿ ಇತ್ತ್, ಬೈಗಿ ಇತ್ತ್!" ನಾನು ಮೀನು ಮುಟ್ಟಿ ನೋಡಲು ಹಿಂಜರಿದರೆ ಬೈಯುತ್ತಿದ್ದಳು. "ಮೀನಿನ್ ಕಣ್ಣ್ ಕಾಣಿ ಮಾರಾಯ್ತಿ, ನನ್ನ್ ಮೋರಿ ಎಂತಕ್ ಕಾಂತ್ರಿ?" ನನಗೆ ಮೊದಲಿನಿಂದಲೂ ಮಾತು ಕಡಿಮೆ. ಅವಳು ಇಬ್ಬರ ಪಾಲಿನದ್ದನ್ನೂ ಆಡುತ್ತಿದ್ದಳು. ಹೋಗುವಾಗ ಒಂದು ಸಣ್ಣ ಮೀನು ಮೆಟ್ಟಿಲ ಮೇಲೆ ಇಟ್ಟು, "ಇದ್ ಮೂಕ್ರದ್ದ್," ಎನ್ನುವಳು. ಅದು ನಾಯಿಯ ಪಾಲು.

ನಿಮ್ಮ ಅಜ್ಜ ತೀರಿಕೊಂಡಾಗ ಸೂತಕದ ಮನೆಗೆ ಮೀನು ತರುವ ಹಾಗಿರಲಿಲ್ಲ. ಆದರೂ ಅವಳು ದಿನದ ಹೊತ್ತಿಗೆ ಸರಿಯಾಗಿ ಬಂದಳು, ಕೂಗು ಹಾಕದೆ, ಬುಟ್ಟಿ ಇಲ್ಲದೆ. "ಮೀನ್ ತರ್ಲಿಲ್ಲ ಅಮಾ. ಸುಮ್ನೆ ಕೂಕಂಬುಕ್ ಬಂದದ್," ಎಂದು ಮೆಟ್ಟಿಲ ಮೇಲೆ ಕೂತಳು. ಅಂದು ಅವಳೂ ಮಾತಾಡಲಿಲ್ಲ. ಬಂದವರೆಲ್ಲ ಧೈರ್ಯ ಹೇಳಿ ಹೋದರು. ಯಾರು ಏನು ಹೇಳಿದರೆಂದು ನನಗೆ ನೆನಪಿಲ್ಲ. ಅವಳು ಕೂತದ್ದು ನೆನಪಿದೆ.

ಅವಳಿಗೆ ಇನ್ನೊಂದು ಕೆಲಸವಿತ್ತು. ಅದಕ್ಕೆ ಕೂಲಿ ಇರಲಿಲ್ಲ. ಮೀನು ಮುಗಿದ ಮೇಲೆ ಬುಟ್ಟಿ ಖಾಲಿಯಲ್ಲವೇ? ಯಾವ ಮನೆಯಲ್ಲಿ ನಾಯಿ ಮರಿ ಹಾಕಿದೆ, ಯಾವ ಮನೆಯಲ್ಲಿ ನಾಯಿ ಸತ್ತಿದೆ ಎಂದು ತಿಳಿದಿದ್ದವಳು ಅವಳೇ. ಇಲ್ಲಿನ ಮರಿಯನ್ನು ಖಾಲಿ ಬುಟ್ಟಿಯಲ್ಲಿ ಹೊತ್ತು ಅಲ್ಲಿಗೆ ಮುಟ್ಟಿಸುವಳು. ಮರಿ ಪಡೆದವರು ಒಂದು ಸೇರು ಅಕ್ಕಿ ಕೊಡಬೇಕು. ಅದನ್ನು ಮಾರನೆಯ ದಿನ ತಾಯಿನಾಯಿಯ ಮನೆಗೆ ಕೊಟ್ಟು, "ಅಬ್ಬಿಗೆ ಗಂಜಿ ಬೇಯ್ಸಿ ಹಾಕಿ," ಎಂದು ಹೇಳಿ ಬರುವಳು. ಅಬ್ಬಿ ಎಂದರೆ ನಮ್ಮಲ್ಲಿ ತಾಯಿ. ಅಬ್ಬಿಯನ್ನು ಕಣ್ಣಾರೆ ನೋಡದೆ ಅವಳು ಯಾವ ಮರಿಯನ್ನೂ ಬುಟ್ಟಿಗೆ ಹಾಕಿಕೊಂಡವಳಲ್ಲ. ಮರಿಯ ಜೊತೆ ಅಬ್ಬಿ ಮಲಗಿದ್ದ ಗೋಣಿಯ ತುಂಡನ್ನೋ ಚಿಂದಿಯನ್ನೋ ಕೇಳಿ ತರುತ್ತಿದ್ದಳು. ಅದನ್ನು ಅಡಿಗೆ ಹಾಸಿದರೆ ಮರಿ ಹೊಸ ಮನೆಯಲ್ಲಿ ಅಳುವುದಿಲ್ಲವಂತೆ.

"ಗುರ್ತಿನ್ ವಾಸ್ನಿ ಅಡಿಗಿದ್ರೆ ಕುನ್ನಿ ಎಷ್ಟ್ ದೂರಕ್ ಬೇಕಾರೂ ಬತ್ತ್ ಅಮಾ," ಎನ್ನುತ್ತಿದ್ದಳು. ನಮ್ಮ ನಾಯಿ ಕಾಳು ಹಾಗೆಯೇ ಬಂದದ್ದು.

ಅಜ್ಜ ಹೋದ ಮರುವರ್ಷ ಕಾಳುವೂ ಹೋಯಿತು. ಗುಲ್ವಾಡಿಯ ಒಂದು ಮನೆಯಲ್ಲಿ ನಾಯಿಗೆ ದಿನ ತುಂಬಿದೆ, ಮರಿ ಕಣ್ಣು ಬಿಟ್ಟು ಗಟ್ಟಿಯಾಗಲಿ, ತರುತ್ತೇನೆ ಎಂದಳು ಮೀನಜ್ಜಿ. ಆದರೆ ಅಷ್ಟರಲ್ಲಿ ನೀವಿಬ್ಬರೂ ಮೊಬೈಲಿನಲ್ಲಿ ಒಂದು ಮರಿಯನ್ನು ನೋಡಿಬಿಟ್ಟಿದ್ದಿರಿ. ಹೊಂಬಣ್ಣ, ಉದ್ದ ರೋಮ, ಕುತ್ತಿಗೆಗೆ ಕೆಂಪು ರಿಬ್ಬನ್. ಬರುವ ಮೊದಲೇ ಅದಕ್ಕೆ ಲಡ್ಡು ಎಂದು ಹೆಸರಿಟ್ಟೂ ಆಗಿತ್ತು.

"ನಿನ್ನ್ ಮೀನ್ ವಾಸ್ನಿ ಕುನ್ನಿ ಯಾರಿಗ್ ಬೇಕ್?" ಎಂದ ಸಣ್ಣವನು.

"ಹೌದಾ? ಹಂಗಾರ್ ನಿನ್ ಲಡ್ಡು ಬಂದ್ ಮೇಲೆ ನನ್ನ್ ಬುಟ್ಟಿ ಹತ್ರ ಬಿಡ್ಬೇಡ. ಒಂದ್ ಸಲ ಬೈಗಿ ರುಚಿ ಹಿಡಿದ್ರೆ ನಿನ್ ಹತ್ರ ಬಪ್ಪುದಿಲ್ಲ," ಎಂದು ನಗುತ್ತ ಬುಟ್ಟಿ ಎತ್ತಿದಳು. ಬೇಲಿಯ ದಣಪೆ ದಾಟುವಾಗ ಮಾತ್ರ ತಿರುಗಿ, "ಅಬ್ಬಿ ಹ್ಯಾಂಗಿತ್ತ್ ಕಂಡ್ರ್ಯಾ ಅಮಾ?" ಎಂದು ಕೇಳಿದಳು. ಫೋಟೋದಲ್ಲಿ ಅಬ್ಬಿ ಇರಲಿಲ್ಲ. ನಾನು ಇಲ್ಲವೆಂದು ತಲೆಯಾಡಿಸಿದೆ.

ಮಾರುವವನು ಎಲ್ಲೋ ಬಡಗು ದಿಕ್ಕಿನ ದೊಡ್ಡ ಪಟ್ಟಣದವನು. ನಿಮ್ಮ ಅಪ್ಪ ಮುಂಬೈಯ ಹೋಟೆಲಿನಲ್ಲಿದ್ದಾಗ ಕಲಿತ ಹಿಂದಿಯಲ್ಲಿ ಮಾತಾಡಿದ. ಬೇಗ ಹಣ ಹಾಕದಿದ್ದರೆ ಮರಿ ಬೇರೆಯವರ ಪಾಲು ಎಂದ ಅವನು. ಹಣ ಹೋಯಿತು. ಮರಿ ಓಡಾಡುವುದನ್ನು ವಿಡಿಯೋದಲ್ಲಿ ತೋರಿಸು ಎಂದರೆ ಒಂದು ದಿನ ಕರೆಂಟಿಲ್ಲ, ಒಂದು ದಿನ ಮರಿ ಮಲಗಿದೆ. ಚುಚ್ಚುಮದ್ದು ಆಗಿದೆಯೇ ಎಂದರೆ ಎಲ್ಲ ಆಗಿದೆ, ಚೀಟಿ ಆಮೇಲೆ ಕಳಿಸುತ್ತೇನೆ. ನಿಮ್ಮ ಅಪ್ಪನಿಗೂ ಅನುಮಾನ ಬಾರದಿರಲಿಲ್ಲ. ಅಜ್ಜ ಹೋದ ಮೇಲೆ ನೀವು ನಕ್ಕದ್ದು ಆ ಫೋಟೋ ನೋಡಿಯೇ. ಅದನ್ನು ಬೇಡವೆನ್ನಲು ಅವನಿಗೆ ಬಾಯಿ ಬರಲಿಲ್ಲ.

ಒಂದು ಬೆಳಿಗ್ಗೆ ಬಸ್ಸಿನವರು ಹೆದ್ದಾರಿಯ ಬದಿಯಲ್ಲಿ ಒಂದು ರಟ್ಟಿನ ಪೆಟ್ಟಿಗೆ ಇಳಿಸಿ ಹೋದರು. ಸೇಬು ತುಂಬಿ ಬಂದ ಪೆಟ್ಟಿಗೆ, ಅಲ್ಲಲ್ಲಿ ತೂತು ಮಾಡಿದ್ದು. ಒಳಗೆ ನಮಗೆ ಓದಲು ಬಾರದ ಅಕ್ಷರದ ಪೇಪರು, ಅದರ ಮೇಲೆ ಮರಿ. ಫೋಟೋದ ಮರಿ ಅದಲ್ಲ. ಬಣ್ಣ ಮಾಸಲು, ಹಿಡಿಯಷ್ಟೇ ದೊಡ್ಡದು, ಅಬ್ಬಿಯ ಹಾಲು ಬಿಡುವ ಪ್ರಾಯವೂ ಆಗಿರಲಿಲ್ಲ. ಹೊಟ್ಟೆ ಕೆಟ್ಟು ಹಿಂಗಾಲೆಲ್ಲ ಒದ್ದೆಯಾಗಿತ್ತು. ದೊಡ್ಡವಳು ಅದನ್ನು ಎತ್ತಿಕೊಂಡಳು. ಅದು ಅವಳ ಹೆಬ್ಬೆರಳನ್ನು ಚೀಪಿತು. ಆ ಮೇಲೆ ಅದು ಬೇರೆ ಮರಿ ಎಂದು ನೀವಿಬ್ಬರೂ ಹೇಳಲಿಲ್ಲ. ಲಡ್ಡು ಎಂದೇ ಕರೆದಿರಿ.

ಮರುದಿನ ಅದು ನೀರನ್ನೂ ಕಾರಿತು. ನಿಮ್ಮ ಅಪ್ಪ ಫೋನು ಮಾಡಿದರೆ ಮಾರುವವನು ನೀವು ಕಂಡದ್ದೆಲ್ಲ ತಿನ್ನಿಸಿದ್ದೀರಿ ಎಂದು ನಮ್ಮನ್ನೇ ಬೈದ. ಬಹಳ ಹೊತ್ತು ಜಗಳವಾಗಿ ಕೊನೆಗೆ ಒಂದು ಮಾತಿಗೆ ಬಂದ. ಸಂಜೆಯ ಬಸ್ಸಿಗೆ ಮರಿಯನ್ನು ವಾಪಸು ಹಾಕಿದರೆ ಬದಲಿಗೆ ಬೇರೆ ಮರಿ ಕಳಿಸುತ್ತಾನೆ. ನಿಮ್ಮ ಊರಿನ ಡಾಕ್ಟರರಿಗೆ ಒಮ್ಮೆ ತೋರಿಸಿದಿರೋ, ಆ ಮೇಲೆ ತನಗೂ ಅದಕ್ಕೂ ಸಂಬಂಧವಿಲ್ಲ ಎಂದ. ನಿಮ್ಮ ಅಪ್ಪ ಯೋಚಿಸಿ, ವಾಪಸು ಕಳಿಸುವುದೇ ಸರಿ ಎಂದ. ಅವನಲ್ಲಿ ಔಷಧ ಇದ್ದೀತು, ಮರಿ ಹುಟ್ಟಿದ ಜಾಗಕ್ಕೇ ಹೋಗುತ್ತದಲ್ಲ ಎಂದ. ಅದೇ ಸೇಬಿನ ಪೆಟ್ಟಿಗೆಯನ್ನು ಒರೆಸಿ ಜಗಲಿಯಲ್ಲಿಟ್ಟ. ದೊಡ್ಡವಳು ಮರಿಯನ್ನು ಅವುಚಿಕೊಂಡು ಕಂಬಕ್ಕೆ ಒರಗಿ ಕೂತಿದ್ದಳು. ಅಳುತ್ತಿರಲಿಲ್ಲ. ಅಳದಿರುವುದನ್ನು ನೋಡಿಯೇ ನನಗೆ ಭಯವಾಯಿತು. ಅಜ್ಜನನ್ನು ಅಂಗಳದಿಂದ ಎತ್ತಿಕೊಂಡು ಹೋಗುವಾಗಲೂ ಅವಳು ಹಾಗೆಯೇ ಕೂತಿದ್ದಳು.

ಆ ಹೊತ್ತಿಗೆ ಮೀನಜ್ಜಿ ಬಂದಳು. ಮೀನು ಮುಗಿಸಿ ಖಾಲಿ ಬುಟ್ಟಿಯಲ್ಲಿ ವಾಪಸು ಹೊರಟವಳು. ಪೆಟ್ಟಿಗೆ ನೋಡಿದಳು, ಮರಿ ನೋಡಿದಳು. ನಿಮ್ಮ ಅಪ್ಪ ನಡೆದದ್ದನ್ನೆಲ್ಲ ಹೇಳಿದ.

"ಫೋನ್ ಮಾಡಿ ಒಂದ್ ಮಾತ್ ಕೇಣಿ," ಎಂದಳು. "ಇದ್ರ ಅಬ್ಬಿ ಅಲ್ಲಿತ್ತಾ?"

"ಅದೆಲ್ಲ ಈಗ ಎಂತಕ್?" ಎಂದ ನಿಮ್ಮ ಅಪ್ಪ.

"ಕೇಂಬುಕ್ ಎಂತ ಖರ್ಚ್?"

ಅವನು ಕೇಳಿದ. ಆ ಕಡೆಯವನು ನಕ್ಕದ್ದು ನಮಗೆಲ್ಲ ಕೇಳಿಸಿತು. ಫೋನಿಟ್ಟು ನಿಮ್ಮ ಅಪ್ಪ ಸಣ್ಣ ಸ್ವರದಲ್ಲಿ, "ಅಬ್ಬಿ ಅವ್ನ ಹತ್ರ ಇಲ್ಯಂಬ್ರ್. ಮರಿ ಬೇರೆ ಬೇರೆ ಕಡೆಯಿಂದ ಬತ್ತಂಬ್ರ್, ಅವ್ನ್ ಮಾರುದ್ ಮಾತ್ರ," ಎಂದ.

"ಹಂಗಾರ್ ವಾಪಸ್ ಅಂದ್ರೆ ಎಲ್ಲಿಗೆ?" ಎಂದಳು ಅವಳು.

ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಗಂಡಸರು ತೀರ್ಮಾನಿಸಿದ್ದಕ್ಕೆ ಎದುರು ಮಾತಾಡಿ ನನಗೆ ಅಭ್ಯಾಸವಿಲ್ಲ. ಅವಳು ತಿರುಗಿ ನನ್ನನ್ನೇ ನೋಡುತ್ತಿದ್ದಳು. "ಕಳ್ಸುದ್ ಬ್ಯಾಡ ಮಗಾ," ಎಂದೆ. ನನ್ನ ಸ್ವರ ನನಗೇ ಯಾರದ್ದೋ ಎನಿಸಿತು. ನಿಮ್ಮ ಅಪ್ಪ ನನ್ನ ಮುಖ ನೋಡಿದ, ಆಮೇಲೆ ಬೈಕಿನ ಕೀಲಿ ತೆಗೆದುಕೊಂಡ.

ಅವಳು ತನ್ನ ಸಿಂಬಿಯನ್ನು ಬಿಚ್ಚಿದಳು. ಎಷ್ಟೋ ಕಾಲದಿಂದ ಬೆವರು, ಎಣ್ಣೆ, ಮೀನಿನ ನೀರು ಕುಡಿದು ಚರ್ಮದಂತಾಗಿದ್ದ ಬಟ್ಟೆ. ಅದನ್ನು ಕೊಡವಿ ಬುಟ್ಟಿಯಲ್ಲಿ ಹಾಸಿದಳು. "ಇದ್ಕ್ ಗುರ್ತಿನ್ ಬಟ್ಟಿ ಯಾರೂ ಕೊಡ್ಲಿಲ್ಲ. ನನ್ನದ್ದೇ ಗುರ್ತ್ ಮಾಡ್ಕಣ್ಲಿ," ಎಂದಳು. ಬಂದಾಗಿನಿಂದ ಕುಂಯ್‌ಗುಟ್ಟುತ್ತಿದ್ದ ಮರಿ ಅದರಲ್ಲಿ ಮೂಗು ತುರುಕಿ ಸುಮ್ಮನಾಯಿತು. ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಬೈಕಿನ ಹಿಂದೆ ಕೂತು ಕುಂದಾಪುರಕ್ಕೆ ಹೋದಳು. ಬೈಕು ಹತ್ತಿದ್ದು ಅದೇ ಮೊದಲಂತೆ. ದಾರಿಯುದ್ದಕ್ಕೂ ನಿಮ್ಮ ಅಪ್ಪನ ಅಂಗಿ ಜಗ್ಗಿ ಹಿಡಿದು ದೇವರನ್ನೆಲ್ಲ ಕರೆದಳಂತೆ.

ಅಲ್ಲಿನ ದನದ ಡಾಕ್ಟರರು ಬೈದರು, ಅವಳನ್ನೂ ಸೇರಿಸಿ. ಸುಟ್ಟ ಮೀನಿನ ಚೂರು ನೆಕ್ಕಿಸಿದರೆ ಶಕ್ತಿ ಬರುತ್ತದೆಂದು ಇವಳು ಹೇಳಿದ್ದಕ್ಕೆ, "ನೀವ್ ಒಬ್ರ್ ಬಾಕಿ ಇದ್ರಿ ಇದನ್ನ ಕೊಲ್ಲುಕೆ!" ಎಂದರಂತೆ. ಡ್ರಿಪ್ ಹಾಕಿದರು, ಚುಚ್ಚಿದರು. ಇದು ಮರಿಗಳಿಗೆ ಬರುವ ಕರುಳಿನ ಕಾಯಿಲೆ, ಹೊರಡುವ ಮೊದಲೇ ಅಂಟಿದ್ದು, ಲಸಿಕೆ ಆದ ಹಾಗೆ ಕಾಣುವುದಿಲ್ಲ, ಆಸೆ ಕಡಿಮೆ ಎಂದರು. ಆದರೂ ದಿನವೂ ಕರೆತರಲು ಹೇಳಿದರು. ದಿನವೂ ಮೀನಜ್ಜಿ ಮಾರಾಟ ಬೇಗ ಮುಗಿಸಿ ಬರುತ್ತಿದ್ದಳು. ತಲೆಯ ಮೇಲೆ ಸಿಂಬಿಯ ಬದಲು ಟವೆಲು ಮಡಚಿ ಇಟ್ಟುಕೊಳ್ಳುತ್ತಿದ್ದಳು. ಅದು ಜಾರಿ, ಎರವಲು ತಂದ ಬುಟ್ಟಿ ವಾಲುತ್ತಿತ್ತು. ಅವಳ ಬುಟ್ಟಿಯಲ್ಲಿ ಮರಿ ಮಲಗಿತ್ತು, ಸಿಂಬಿ ಅದರ ಅಡಿಯಲ್ಲಿತ್ತು.

ಒಂದು ಮಧ್ಯಾಹ್ನ ದೊಡ್ಡವಳು ಮರಿಯ ಬಾಯಿಗೆ ನೀರು ಬಿಡುತ್ತಿದ್ದಳು. ನೀರು ಒಳಗೆ ಹೋಗದೆ ಕಡೆವಾಯಿಯಿಂದ ಇಳಿಯಿತು. ಅವಳು ಬಿಡುತ್ತಲೇ ಇದ್ದಳು. ಮೀನಜ್ಜಿ ಅವಳ ಕೈ ಹಿಡಿದು, "ಸಾಕ್ ಮಗಾ. ಅದ್ಕ್ ದಾಹ ಮುಗಿತ್," ಎಂದಳು. ಆಗ ದೊಡ್ಡವಳು ಅತ್ತಳು. ಲಡ್ಡುವಿಗಾಗಿ ಅತ್ತಳು, ಅಜ್ಜನಿಗಾಗಿ ಅತ್ತಳು, ಅಳುತ್ತಳುತ್ತ ಅವಳ ಮಡಿಲಲ್ಲೇ ನಿದ್ದೆಹೋದಳು. ಅಷ್ಟು ಹೊತ್ತೂ ಮೀನಜ್ಜಿ ಕಾಲು ಅಲುಗಿಸದೆ ಕೂತಿದ್ದಳು.

ಆ ಬಟ್ಟೆಯಲ್ಲಿ ರೋಗ ಉಳಿಯುತ್ತದೆ, ಮರಿಯ ಜೊತೆಗೇ ಹುಗಿಯಿರಿ, ಮನೆಯನ್ನೆಲ್ಲ ಬ್ಲೀಚಿಂಗ್ ಪುಡಿ ಹಾಕಿ ತೊಳೆಯಿರಿ, ಕೆಲವು ತಿಂಗಳು ಬೇರೆ ಮರಿ ತರಬೇಡಿ ಎಂದಿದ್ದರು ಡಾಕ್ಟರರು. ತೆಂಗಿನ ಬುಡದಲ್ಲಿ ಸಿಂಬಿಯ ಸಮೇತ ಲಡ್ಡುವನ್ನು ಹುಗಿದೆವು. ಮರಿ ಮಲಗಿದ್ದ ಬುಟ್ಟಿಯನ್ನು ಸುಡುವಾಗ ಅವಳು ಆ ಕಡೆ ನೋಡಲಿಲ್ಲ. ಅತ್ತೆಯ ಕಾಲದ ಬುಟ್ಟಿ ಅದು. ಮಾರುವವನ ಫೋನು ಆ ಮೇಲೆ ಯಾವತ್ತೂ ಹತ್ತಲಿಲ್ಲ.

ಹೊಸ ಬುಟ್ಟಿಯನ್ನು ನಿಮ್ಮ ಅಪ್ಪ ತಂದುಕೊಟ್ಟ. ಸಿಂಬಿಯನ್ನು ನಾನು ಮಾಡಿದೆ. ಅಜ್ಜನ ಪೆಟ್ಟಿಗೆಯನ್ನು ಅವರು ಹೋದ ಮೇಲೆ ನಾನು ತೆರೆದಿರಲಿಲ್ಲ. ಅಂದು ತೆರೆದೆ. ಅವರು ಉಡುತ್ತಿದ್ದ ಪಂಚೆಗಳಲ್ಲಿ ಎರಡು ಮಾತ್ರ ಉಳಿದಿದ್ದವು. ಒಂದನ್ನು ಹರಿದು, ಹೊಸೆದು, ಸುತ್ತಿ ಹೊಲಿದೆ. ಅವಳು ಅದನ್ನು ಮೂಸಿ ನೋಡಿದಳು. ಅಂಚು ನೋಡಿ ಯಾರದ್ದೆಂದು ತಿಳಿದುಕೊಂಡಳು.

"ಅಯ್ಯರ ಪಂಚಿ ಮೇಲೆ ನಾನ್ ಮೀನ್ ಬುಟ್ಟಿ ಇಡುದಾ ಅಮಾ?"

"ಇಡ್. ಅವ್ರಿಗೆ ಬಂಗ್ಡಿ ಅಂದ್ರೆ ಜೀವ ಇತ್ತ್," ಎಂದೆ. ಇಬ್ಬರೂ ನಕ್ಕೆವು. ನಗುವಾಗಲೇ ಇಬ್ಬರ ಕಣ್ಣೂ ತುಂಬಿತು.

ಆ ಮೇಲೆ ಅವಳು ದಣಪೆ ದಾಟಿ ಬರುವಾಗೆಲ್ಲ ನಾನು ಮೊದಲು ನೋಡುತ್ತಿದ್ದದ್ದು ಬುಟ್ಟಿಯ ಅಡಿಯ ಆ ನೀಲಿ ಅಂಚನ್ನು. ಮಳೆಗಾಲ ಕಳೆದು, ಡಾಕ್ಟರರನ್ನು ಕೇಳಿ, ಗುಲ್ವಾಡಿಯ ಅದೇ ನಾಯಿಯ ಮುಂದಿನ ಸೂಲಿನ ಮರಿಯೊಂದನ್ನು ತಂದಳು. ಲಸಿಕೆ ಆಗಿತ್ತು, ಅಬ್ಬಿಯ ಗೋಣಿಯ ತುಂಡೂ ಇತ್ತು. ಮರಿ ಮಲಗಿದರೆ ಬಾಲ ಮೂಗಿಗೆ ತಾಗುವ ಹಾಗೆ ಸುತ್ತಿಕೊಳ್ಳುತ್ತಿತ್ತು. ಅದಕ್ಕೇ ನೀವು ಸಿಂಬಿ ಎಂದು ಹೆಸರಿಟ್ಟಿರಿ. ಒಂದು ಸೇರು ಅಕ್ಕಿಯನ್ನು ಸಣ್ಣವನೇ ಅಳೆದು ಕೊಟ್ಟ. "ಮೀನ್ ವಾಸ್ನಿ ಅಡ್ಡಿಲ್ಯಾ ಮಗಾ?" ಎಂದು ಕೆಣಕಿದಳು. ಅವನು ನಾಚಿ ನನ್ನ ಸೆರಗಿನ ಹಿಂದೆ ನಿಂತ.

ಅದೇ ಅವಳು ಹೊತ್ತ ಕೊನೆಯ ಮರಿ. ಹೊಟ್ಟೆನೋವೆಂದು ಬರುವುದು ತಪ್ಪಿತು. ದೊಡ್ಡ ಆಸ್ಪತ್ರೆಗೆ ಹೋಗುವಷ್ಟರಲ್ಲಿ ಕಾಲ ಮೀರಿತ್ತು. ಈ ಸಲ ಬೋಟುಗಳು ಕಡಲಿಗೆ ಇಳಿಯದ ಮಳೆಯ ದಿನಗಳಲ್ಲಿ ಹೋದಳು. ಸುದ್ದಿ ತಿಳಿದಾಗ ಎಲ್ಲ ಮುಗಿದಿತ್ತು. ಇಷ್ಟು ವರ್ಷ ಅವಳು ನಮ್ಮ ಮೆಟ್ಟಿಲಿಗೆ ಬಂದಿದ್ದಳು, ನಾನು ಅವಳ ಮನೆಯನ್ನು ಕಂಡಿರಲಿಲ್ಲ. ನಾನೊಬ್ಬಳೇ ಕೇಳಿಕೊಂಡು ಹೋದೆ. ಅವಳ ಮಗಳು ಕುರ್ಚಿ ತಂದಳು. ನಾನು ಮೆಟ್ಟಿಲ ಮೇಲೆಯೇ ಕೂತೆ. ಗೋಡೆಯ ಗೂಟದಲ್ಲಿ ಬುಟ್ಟಿ ತೂಗುತ್ತಿತ್ತು. ನನ್ನ ಕಣ್ಣು ಸಿಂಬಿಯನ್ನು ಹುಡುಕುವುದು ಮಗಳಿಗೆ ತಿಳಿಯಿತು.

"ಅದಿಲ್ಲ ಅಮಾ. ಅಬ್ಬಿ ತಲೆಯಡಿಗೇ ಇಟ್ಟ್ ಕಳ್ಸಿದ್ದ್. ಅವ್ಳೇ ಹೇಳಿದ್ದ್. ದೂರ ಹೋಪತಿಗೆ ಗುರ್ತಿನ್ ಬಟ್ಟಿ ಇರ್ಬೇಕ್, ಅಂದ್ಲು."

ಮನೆಗೆ ಬಂದು ಅಜ್ಜನ ಪೆಟ್ಟಿಗೆಯನ್ನು ಮತ್ತೆ ತೆರೆದೆ. ಉಳಿದ ಒಂದು ಪಂಚೆಯನ್ನು ಒಗೆಯದೆ ಹಾಗೆಯೇ ಮಡಚಿ, ನನ್ನ ಪೆಟ್ಟಿಗೆಯಲ್ಲಿ ಎಲ್ಲದಕ್ಕಿಂತ ಮೇಲೆ ಇಟ್ಟಿದ್ದೇನೆ. ನಾನು ಬಾಯಿಬಿಟ್ಟು ಹೇಳುವವಳಲ್ಲ. ಎಲ್ಲಿದೆ, ಯಾವುದಕ್ಕೆ ಎಂದು ನಿಮಗೆ ತಿಳಿದಿರಲಿ ಎಂದು ಇಷ್ಟು ಬರೆದೆ.