ದಲೆಂದಾಳ ಲೆಕ್ಕ ಕೆಟ್ಟ ಸೋಮವಾರ

"ಚಿಕ್ಕಮ್ಮನ ತಲೆಯನ್ನ ಚೌಕಚೌಕ ಮಾಡಿ ಕಂಪ್ಯೂಟರಿನೊಳಗೆ ಇಟ್ಟಿದೀನಿ. ಒಂದೊಂದು ಚೌಕದಲ್ಲೂ ವಿದ್ಯುತ್ತು ಎಷ್ಟು ಅಂತ ಅದು ಎಣಿಸತ್ತೆ, ಚೂರು ಹೊತ್ತು ಮುಂದೆ ಹೋಗಿ ಮತ್ತೆ ಎಣಿಸತ್ತೆ. ಹೀಗೆ ಸಾವಿರಾರು ಹೆಜ್ಜೆ. ತಲೆಗೆಲ್ಲ ದೊಡ್ಡ ಚೌಕ ಸಾಕು. ಆದ್ರೆ ಕೈನಡುಕಕ್ಕೆ ಅಂತ ಮಿದುಳಿಗೆ ಇಳಿಸಿರೋ ತಂತಿಯ ತುದಿ ಬಲು ಸಣ್ಣದು. ಅಲ್ಲಿ ಮಾತ್ರ ಸಣ್ಣ ಚೌಕದ ತುಂಡು ಹೊಲಿದು ಸೇರಿಸಿದೀನಿ. ಸಣ್ಣ ಚೌಕಕ್ಕೆ ಹೆಜ್ಜೆನೂ ಸಣ್ಣದು. ದೊಡ್ಡದು ಒಂದು ಇಟ್ಟರೆ ಇದು ಐದು ಇಡಬೇಕು. ಹೊಲಿಗೆ ಹತ್ರ ಕೊಡೋದು ತಗೊಳ್ಳೋದು ಹೊಂದದಿದ್ರೆ ಇಲ್ಲದ ಶಕ್ತಿ ಹುಟ್ಕೊಳತ್ತೆ. ಮೊದಮೊದಲು ಕಾಣೋದೇ ಇಲ್ಲ."

ಸ್ಫಾಕ್ಸ್ ನಗರದ ವಿಶ್ವವಿದ್ಯಾಲಯದಲ್ಲಿ ಲೆಕ್ಕ ಮಾಡುವ ದಲೆಂದಾ, ಕೇಳಿದವರಿಗೆಲ್ಲ ಹೀಗೆ ವಿವರಿಸುವಷ್ಟು ತಿಳಿದವಳೇ. ಚಿಕ್ಕಮ್ಮ ಮಬ್ರೂಕಾಳ ಬೆನ್ನುನೋವಿಗೆ ಎಂಆರ್‌ಐ ಮಾಡಬೇಕಿತ್ತು. ಅದರೊಳಗೆ ಆ ತಂತಿಯ ತುದಿ ಎಷ್ಟು ಕಾಯುತ್ತದೆ ಎಂದು ವೈದ್ಯರು ಕೇಳಿದ್ದರು. ಇಪ್ಪತ್ತು ಸಾವಿರ ಹೆಜ್ಜೆಗೆ ತೆರೆಯ ಮೇಲಿನ ಬಿಸಿಯ ಗೆರೆ ಏರುವುದು ಬಿಟ್ಟು ಸಮತಟ್ಟಾಯಿತು. ಗೆರೆ ಮಲಗಿತೆಂದರೆ ಪ್ರಯೋಗಾಲಯದಲ್ಲಿ ಎಲ್ಲರೂ ಲೆಕ್ಕ ನಿಲ್ಲಿಸುವವರೇ. ಅವಳೂ ನಿಲ್ಲಿಸಿ, ತುದಿ ಕಾಯುವುದು ಅರ್ಧ ಡಿಗ್ರಿಯಷ್ಟೇ, ಭಯವಿಲ್ಲ ಎಂದು ಬರೆದು ಸಹಿ ಹಾಕಿದಳು.

ಆದರೆ ಇನ್ನೊಂದು ಕಂಪ್ಯೂಟರಿನಲ್ಲಿ ಅದೇ ಲೆಕ್ಕವನ್ನು ನಿಲ್ಲಿಸಲು ಮರೆತಿದ್ದಳು. ಸೋಮವಾರ ಬೆಳಿಗ್ಗೆ ನೋಡಿದರೆ, ಅರವತ್ತು ಸಾವಿರದ ಹೆಜ್ಜೆಯ ಹೊತ್ತಿಗೆ ಹೊಲಿಗೆಯ ಬಳಿ ಅಂಕಿಗಳು ಉಬ್ಬಿ, ಆಮೇಲೆ ಅಂಕಿಗಳೇ ಅಲ್ಲದ ಏನೋ ಆಗಿದ್ದವು. ಮಬ್ರೂಕಾಳ ಎಂಆರ್‌ಐ ಸರದಿ ಅದೇ ದಿನ ಹನ್ನೊಂದಕ್ಕೆ.

ಪ್ರಯೋಗಾಲಯದ ಹಿರಿಯರಾದ ಲಸಾದ್ ಕಾಫಿ ಹೀರುತ್ತ ಬಂದು ನೋಡಿದರು. "ಕೆಟ್ಟಿರೋದು ಲೆಕ್ಕ ಮಗಳೆ, ತಂತಿಯಲ್ಲ. ಕಾಗದದಲ್ಲಿ ಬರೆದ ಬೆಂಕಿಗೆ ಯಾರ ಮನೆ ಸುಟ್ಟಿದೆ?"

"ಹಾಗಾದ್ರೆ ಆ ಅರ್ಧ ಡಿಗ್ರಿ ನಿಜ ಅಂತ ನೀವು ಸಹಿ ಹಾಕ್ತೀರಾ?"

ಅವರು ಲೋಟ ಕೆಳಗಿಟ್ಟು ಆಸ್ಪತ್ರೆಯ ನಂಬರು ಹುಡುಕಿ ಕೊಟ್ಟರು.

ಆಸ್ಪತ್ರೆಯ ಫೋನನ್ನು ಯಾರೂ ಎತ್ತಲಿಲ್ಲ. ದಲೆಂದಾ ಟ್ಯಾಕ್ಸಿ ಹಿಡಿದಳು. ಮೊದಲಿನಿಂದಲೇ ಹೊಲಿಗೆಯ ಬಳಿ ಲೆಕ್ಕ ತಪ್ಪುತ್ತಿದ್ದರೆ? ನಿಜವಾದ ಬಿಸಿಯನ್ನು ಆ ಸುಳ್ಳು ಮುಚ್ಚಿಟ್ಟಿದ್ದರೆ? ಆಸ್ಪತ್ರೆಯ ಮೆಟ್ಟಿಲು ಓಡುತ್ತ ಹತ್ತಿದಳು. ಮಬ್ರೂಕಾ ಆಸ್ಪತ್ರೆಯ ನಿಲುವಂಗಿ ತೊಟ್ಟು ಎಂಆರ್‌ಐ ಕೋಣೆಯ ಹೊಸಿಲಿನಲ್ಲೇ ನಿಂತಿದ್ದಳು. ದಲೆಂದಾ ಅವಳ ತೋಳು ಹಿಡಿದೆಳೆದಳು.

"ಈ ಸರದಿಗೆ ಮೂರು ತಿಂಗಳು ಕಾದಿದೀನಿ ಕಣೆ. ಬೆನ್ನು ನಂದು, ಹೆದರಿಕೆ ನಿಂದಾ?"

"ನನ್ನ ಲೆಕ್ಕ ಸರಿಯಿಲ್ಲ ಚಿಕ್ಕಮ್ಮ. ಇದ್ರೂ ಇರಬಹುದು. ನಂಗೊತ್ತಿಲ್ಲ."

ತಾನು ಸಹಿ ಹಾಕಿದ ಕಾಗದವನ್ನು ದಲೆಂದಾ ವೈದ್ಯರಿಂದ ಕೇಳಿ ಪಡೆದು ಅಡ್ಡಗೆರೆ ಎಳೆದಳು. ವೈದ್ಯರು ಗದರಲಿಲ್ಲ, ಸುಮ್ಮನೆ ಮುಂದಿನವರನ್ನು ಕರೆದರು.

ಈಗ ಹೊಸ ಲೆಕ್ಕ ಓಡುತ್ತಿತ್ತು. ಹೊಲಿಗೆಯೇ ಇಲ್ಲದಂತೆ, ಇಡೀ ತಲೆಗೆ ಸಣ್ಣ ಚೌಕ, ಸಣ್ಣ ಹೆಜ್ಜೆ. ಮುಗಿಯಲು ಹತ್ತೊಂಬತ್ತು ದಿನ, ಅಲ್ಲಿಯವರೆಗೆ ಎಂಆರ್‌ಐ ಇಲ್ಲ. ಏನು ಬರುವುದೋ ಎಂಬ ದಿಗಿಲು ಅವಳನ್ನು ಬಿಟ್ಟಿರಲಿಲ್ಲ. ಬೆನ್ನು ಬಗ್ಗದ ಮಬ್ರೂಕಾ ಮನೆಯ ಒಳಗಿನಿಂದಲೇ ಗೊಣಗುತ್ತಿದ್ದಳು. ದಲೆಂದಾ ಅವಳ ಒದ್ದೆ ಬಟ್ಟೆಯ ಬುಟ್ಟಿಯನ್ನು ತಾರಸಿಗೆ ಹೊತ್ತು, ಒಂದೊಂದನ್ನೇ ಕೊಡವಿ ಹಗ್ಗಕ್ಕೆ ಹಾಕತೊಡಗಿದಳು.