ಥಂಡಾ ಕಾಶಪ್ಪ

ಧಾರಾವಿಯ ಲೇಥ್ ಅಂಗಡಿಗಳಲ್ಲಿ ಬೈಲಹೊಂಗಲದ ಕಾಶಪ್ಪನಿಗೆ ‘ಥಂಡಾ ಕಾಶಪ್ಪ’ ಎಂಬ ಹೆಸರಿತ್ತು. ಸ್ವಭಾವ ತಣ್ಣಗಿತ್ತೆಂದಲ್ಲ, ಸಿಟ್ಟು ಮೂಗಿನ ತುದಿಯಲ್ಲೇ ಇತ್ತು. ಹೆಸರು ಬಂದದ್ದು ಐವತ್ತಾರನೇ ಇಸವಿಯ ಒಂದು ಮಧ್ಯಾಹ್ನ, ಒಂದು ಕೀಲಿನ ದೆಸೆಯಿಂದ.

ಬಂದರಿನ ಕ್ರೇನಿನ ಕೊಕ್ಕೆಯನ್ನು ಹಿಡಿದಿಡುವ ಕೀಲು ಅದು. ಅದಕ್ಕೆ ತಕ್ಕ ಉಕ್ಕಿನ ತುಂಡು ಅಂಗಡಿಯಲ್ಲಿ ಒಂದೇ ಇತ್ತು. ಒಂದು ಗಂಟೆಗೆ ಲಾರಿ ಬರುತ್ತದೆ, ಕೀಲು ಆಗದಿದ್ದರೆ ನಿನ್ನ ಕೆಲಸ ಹೋಯಿತೆಂದೇ ತಿಳಿ ಎಂದು ಮಾಲೀಕ ಶೆಟ್ಟೆಪ್ಪ ಬೆಳಿಗ್ಗೆಯೇ ಹೇಳಿದ್ದ. ಖೋಲಿಯಲ್ಲಿ ಹೆಂಡತಿ ರಾಚವ್ವ ತುಂಬಿದ ಬಸುರಿ. ಕಾಶಪ್ಪ ತುಂಡನ್ನು ಲೇಥಿಗೆ ಕಚ್ಚಿಸಿ ಅಳತೆಗೆ ತಿರುವಿದ. ಬಂದರಿನವರು ಅಳತೆಗೆಂದು ಕೊಟ್ಟಿದ್ದ ಬಳೆ ಕೀಲಿನ ಮೇಲೆ ಬಿಗಿಯಾಗಿ ಏರಿತು. ಗೆದ್ದೆ ಎಂದುಕೊಂಡು ರೊಟ್ಟಿ ಗಂಟು ಬಿಚ್ಚಿದ.

ಉಂಡು ಬಂದು ಮತ್ತೊಮ್ಮೆ ಏರಿಸಿದರೆ ಬಳೆ ಸರ್ರನೆ ಜಾರಿ ನೆಲಕ್ಕೆ ಬಿದ್ದು ಠಣ್ಣೆಂದಿತು.

ಕಾಶಪ್ಪನಿಗೆ ತಪ್ಪು ಹೊಳೆಯಿತು. ಲೇಥಿನ ಕಾವಿಗೆ ಹಿಗ್ಗಿದ್ದ ಉಕ್ಕನ್ನು ಅವಸರದಲ್ಲಿ ಬಿಸಿಯಿದ್ದಾಗಲೇ ಅಳೆದಿದ್ದ. ಈಗ ಅದು ಆರಿ ಕೂದಲೆಳೆಯಷ್ಟು ಕುಗ್ಗಿತ್ತು. ಗಾಡಿಯ ಗಾಲಿಗೆ ಕಾದ ಕಬ್ಬಿಣದ ಹಳಿ ಏರಿಸಿ, ನೀರು ಹೊಯ್ದು ಬಿಗಿಯುವ ಕಮ್ಮಾರನ ಮಗ ಅವನು. ಅವನಿಗೆ ಇದನ್ನು ಯಾರು ಹೇಳಿಕೊಡಬೇಕಿತ್ತು? ತನ್ನ ಮೇಲೆಯೇ ಹೇಸಿಗೆಯಾಯಿತು.

ಪಕ್ಕದ ಲೇಥಿನ ದಾನಪ್ಪ ಹತ್ತಿರ ಸರಿದ. “ಹೆದರಬ್ಯಾಡೋ. ಕೀಲಿನ ಸುತ್ತ ಪಂಚ್ ಇಟ್ಟು ಸುತ್ತಿಗಿಲೆ ಚುಕ್ಕಿ ಹೊಡಿ. ಉಕ್ಕು ಉಬ್ಬತದ, ಬಳಿ ಬಿಗಿ ಕುಂದರ್ತದ. ಯಾರ್ ನೋಡ್ತಾರ?”

ನಿಜ, ಯಾರೂ ನೋಡುವುದಿಲ್ಲ. ತಿಂಗಳೊಪ್ಪತ್ತು ತಡೆಯುತ್ತದೆ, ಚುಕ್ಕಿ ಸವೆದ ದಿನ ಕೀಲು ಅಲುಗಾಡಿ ಕೊಕ್ಕೆ ಕಳಚುತ್ತದೆ. ಕಾಶಪ್ಪ ಪಂಚ್ ಎತ್ತಿಕೊಂಡ. ಅಷ್ಟರಲ್ಲಿ ಲಾರಿಯ ಹಾರ್ನ್ ಕೇಳಿಸಿತು. ಕೀಲು ಒಯ್ಯಲು ಬಂದ ಬಂದರಿನ ಹಮಾಲ ಬಸವಂತಪ್ಪ ಬಾಗಿಲಲ್ಲಿ ಇಣುಕಿದ.

“ಆತೇನಣ್ಣಾ? ಗಟ್ಟಿ ಮಾಡೀಯಿಲ್ಲ? ಆ ಕೊಕ್ಕಿ ಬುಡಕ ನಿಂದರಾಂವ ನಾನs.”

ನಗುತ್ತಲೇ ಹೇಳಿ ಲಾರಿಯ ಕಡೆ ಹೋದ. ಕಾಶಪ್ಪ ಪಂಚ್ ಕೆಳಗಿಟ್ಟು ಗರಗಸ ತೆಗೆದುಕೊಂಡ.

ಶೆಟ್ಟೆಪ್ಪ ಒಳಬಂದಾಗ ಕೀಲು ವೈಸಿನ ಹಿಡಿತದಲ್ಲಿತ್ತು, ಅದನ್ನು ನಟ್ಟನಡುವೆ ಆಳವಾಗಿ ಕೊಯ್ದಾಗಿತ್ತು.

“ಹುಚ್ಚ ಹಿಡದದೇನಲೇ ನಿನಗ?”

“ಬಿಸಿ ಇದ್ದಾಗ ಅಳದೆ ಸಾವ್ಕಾರ್ರ. ಸಣ್ಣದಾತು. ತಪ್ಪು ನಂದು.”

“ತಪ್ಪಾದ್ರ ಬಾಯಿಲೆ ಹೇಳಬೇಕಿತ್ತು. ಕೊಯ್ದದ್ದ್ಯಾಕ?”

“ಹೇಳಿದ್ದರ ನೀವು ಚುಕ್ಕಿ ಹೊಡಿ ಅಂತಿದ್ರಿ.”

ದಾನಪ್ಪ ಲೇಥ್ ನಿಲ್ಲಿಸಿದ. ಶೆಟ್ಟೆಪ್ಪನ ಮುಖ ಕೆಂಪಡರಿತು. ಕೊಯ್ದ ಜಾಗದ ಮೇಲೆ ಹೆಬ್ಬೆರಳಾಡಿಸಿದ. ಆಮೇಲೆ ಬಾಗಿಲಿಗೆ ಹೋಗಿ ಕೂಗಿದ:

“ನಾಳೆ ಬಾರೋ ಬಸವಂತಪ್ಪ! ಬ್ಯಾರೆ ಉಕ್ಕು ತರಸ್ತೀನಿ. ಇಲ್ಲೊಬ್ಬ ಥಂಡಾ ಕಾಶಪ್ಪ ಅದಾನ. ಇನ್ನ ಮ್ಯಾಲೆ ಉಕ್ಕು ಆರೂತನಕಾ ಅಳೆಯೂದಿಲ್ಲಂತ ಅಂವ.”