ಮೇಳಿಗೆ ಹೂವಯ್ಯನ ರಿಪೋರ್ಟು

ತೀರ್ಥಹಳ್ಳಿಯ ಒಂದು ಖಾಸಗಿ ಲ್ಯಾಬಿನಲ್ಲಿ ನಾನು ರಕ್ತ ತೆಗೆಯುವವಳು, ಶ್ರೀನಾಥ್ ಕಂಪ್ಯೂಟರಿನವನು. ಒಳ್ಳೆಯವನು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೈಯುತ್ತೇನೆ. ಮಂಗನ ಕಾಯಿಲೆಯ ಕಾಲದಲ್ಲಿ ಜನ ಬಾಗಿಲಲ್ಲಿ ಮುಗಿಬಿದ್ದಾಗ ಅವನೊಂದು ಸ್ಕ್ರಿಪ್ಟ್, ಅಂದರೆ ಪುಟ್ಟ ಪ್ರೋಗ್ರಾಮು, ಬರೆದ. ರೋಗಿಯ ಹೆಸರು ಕೊಟ್ಟರೆ ಸಾಕು, ಪರೀಕ್ಷೆಯಾಗಿ ಬಂದ ಪಟ್ಟಿಯಲ್ಲಿ ಹುಡುಕಿ, ಕಾಯಿಲೆ ಇದೆಯೋ ಇಲ್ಲವೋ ಎಂದು ಫೋನಿಗೆ ಕಳಿಸುತ್ತಿತ್ತು.

ತನ್ನ ಹೆಸರು ಹಾಕಿ ನೋಡಿದ. ಒಂದೇ ಪದ, ಸರಿಯಾಗಿ ಬಂತು. ನಮ್ಮ ಕಡೆ ಯಾರಪ್ಪಾ ಒಂದೇ ಪದದಲ್ಲಿ ಹೆಸರು ಹೇಳುತ್ತಾರೆ? ಊರು ಮುಂದೆ, ಹೆಸರು ಹಿಂದೆ. ಸ್ಕ್ರಿಪ್ಟಿನಲ್ಲಿ ಆ ಹೆಸರಿನ ಎರಡೂ ಬದಿಗೆ ಉದ್ಧರಣ ಚಿಹ್ನೆ ಹಾಕಬೇಕಿತ್ತಂತೆ. ಹಾಕದಿದ್ದರೆ ಹೆಸರು ನಡುವಿನ ಖಾಲಿ ಜಾಗದಲ್ಲಿ ಮುರಿಯುತ್ತದೆ. ಯಂತ್ರ ಮೊದಲ ಪದವನ್ನಷ್ಟೇ ಹುಡುಕುತ್ತದೆ, ಎರಡನೆಯದನ್ನು ಯಾವುದೋ ಫೈಲಿನ ಹೆಸರು ಎಂದುಕೊಳ್ಳುತ್ತದೆ. ಅಂಥ ಫೈಲಿಲ್ಲ ಎಂದು ಅದು ದೂರಿತು ಕೂಡ. ಕಿರಿಕಿರಿ ಎಂದು ಇವನು ಆ ದೂರು ಪರದೆಗೆ ಬಾರದಂತೆ ಮಾಡಿಟ್ಟ. ಮುಠ್ಠಾಳ.

ಮಾರ್ಚಿನಲ್ಲಿ ಕಾಡಿಗೆ ಒಣಗಿದ ದರಗೆಲೆ ಗುಡಿಸಲು ಹೋಗಿದ್ದ ಹೂವಯ್ಯನವರಿಗೆ ಜ್ವರ ಬಂತು. ರಕ್ತ ತೆಗೆದವಳು ನಾನೇ. 'ಮೇಳಿಗೆ ಹೂವಯ್ಯ' ಎಂದು ಹೆಂಡತಿ ವರದಮ್ಮ ಬರೆಸಿದರು. ಯಂತ್ರ 'ಮೇಳಿಗೆ'ಯನ್ನು ಮಾತ್ರ ಹುಡುಕಿ, ಮೊದಲು ಸಿಕ್ಕ ಸಾಲನ್ನು ಹಿಡಿಯಿತು. ಅದು ಅದೇ ಊರಿನ ಮುಕುಂದಯ್ಯನದು. 'ಕಾಯಿಲೆ ಇಲ್ಲ' ಎಂದು ವರದಮ್ಮನ ಫೋನಿಗೆ ಹೋಯಿತು. ಹೂವಯ್ಯನವರ ಸಾಲು ಆರು ಸಾಲು ಕೆಳಗಿತ್ತು, ಅದರಲ್ಲಿ 'ಇದೆ' ಎಂದಿತ್ತು. ಆಸ್ಪತ್ರೆ ಸೇರಬೇಕಾದ ಮನುಷ್ಯ ಮನೆಯಲ್ಲಿ ಗಂಜಿ ಕುಡಿದು ಮಲಗಿದರು. ಎಂಟನೆಯ ದಿನ ಮೂಗಿನಲ್ಲಿ ರಕ್ತ ಬಂತು. ಹತ್ತನೆಯ ದಿನ ತೀರಿಕೊಂಡರು.

ತಪ್ಪು ಕಂಡುಹಿಡಿದವನೂ ಶ್ರೀನಾಥನೇ. "ಸುಮ್ನಿರು ಮಾರಾಯ, ಯಾರಿಗೂ ಗೊತ್ತಾಗಲ್ಲ" ಎಂದರು ಮಾಲೀಕರು. ಇವನು ಆ ಎರಡು ಚಿಹ್ನೆ ಹಾಕಿ, ಹಳೆಯ ಹೆಸರುಗಳನ್ನೆಲ್ಲ ಮತ್ತೆ ಹುಡುಕಿ ನೋಡಿ, ಬೈಕ್ ಹತ್ತಿದ. ಒಬ್ಬನನ್ನೇ ಕಳಿಸಲು ಹೆದರಿಕೆಯಾಗಿ ನಾನೂ ಹಿಂದೆ ಕೂತೆ.

ವರದಮ್ಮ ಜಗುಲಿಯಲ್ಲಿ ಕೂತು ಎಲ್ಲ ಕೇಳಿಸಿಕೊಂಡರು. ಬೈಯಲಿಲ್ಲ.

"ಹೂವಯ್ಯ ಅಂತ ಸುಮಾರು ಜನ ಇರ್ತಾರೆ, ತಪ್ಪಾಗ್ಬಾರ್ದು ಅಂತ ನಾನೇ ಊರು ಸೇರ್ಸಿ ಬರ್ಸಿದ್ದು ತಮ್ಮಾ" ಎಂದರು. "ಬರೀ ಹೂವಯ್ಯ ಅಂದಿದ್ರೆ ಸರಿಯಾಗಿ ಸಿಗ್ತಿತ್ತಾ?"

"ಸಿಗ್ತಿತ್ತಮ್ಮಾ" ಎಂದ ಶ್ರೀನಾಥ್.

ಅವರು ಸೆರಗನ್ನು ಬಾಯಿಗೊತ್ತಿಕೊಂಡರು. ಅಷ್ಟೆಲ್ಲ ಸತ್ಯ ಹೇಳಿದವನು ಅದೊಂದು ಸುಳ್ಳು ಹೇಳಬಾರದಿತ್ತೇ?